ಜೊಳ್ಳು ತೆನೆ: ವ್ಯೋಮಕೃಷಿಯ ಇತಿಹಾಸದಲ್ಲಿ ಒಂದು ಪ್ರಕರಣ

ಅಂತರಿಕ್ಷದಲ್ಲಿ ಆಹಾರಸಸ್ಯಗಳನ್ನು ಬೆಳೆದ ಇತಿಹಾಸವನ್ನು 2015ನೆಯ ಇಸವಿಯ ಆಗಸ್ಟ್ ತಿಂಗಳಿನಿಂದ ಹೇಳತೊಡಗುವುದು ಈಚೆಗೆ ರೂಢಿಯಾಗಿದೆ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಯಾತ್ರಿಕರು ತಾವು ಬೆಳೆದ ಕೆಂಪು ಲೆಟ್ಯೂಸ್ ಸೊಪ್ಪನ್ನು ತಿಂದ ಸುದ್ದಿ ಆಗ ಲೋಕವಿಖ್ಯಾತವಾಯಿತು. ರಷ್ಯದ ಯಾತ್ರಿಕರು ಅದಕ್ಕೂ ಮುಂಚೆಯೇ ಸೊಪ್ಪನ್ನು ಬೆಳೆದು ತಿಂದಿದ್ದರೆಂಬುದು ಹಾಗಿರಲಿ. ಸೊಪ್ಪು ಬೇರೆ, ಕಾಳು ಬೇರೆ. ಸೊಪ್ಪಿಗೆ ಎಲೆ ಬಿಟ್ಟರೆ ಸಾಕು. ಕಾಳಿಗಾದರೋ ಗಿಡವು ಹೂತು, ಪರಾಗಸ್ಪರ್ಶವಾಗಿ, ಬೀಜ ಕಟ್ಟಬೇಕು. ಬಿತ್ತಿದ್ದು ಮುಂದಿನ ಬಿತ್ತನೆಗೆ ಬೀಜ ಕೊಡದಿದ್ದರೆ ಅದನ್ನು ಬೇಸಾಯವೆಂದು ಕರೆಯುವುದು ಹೇಗೆ? ಆದುದರಿಂದ ಈ ಇತಿಹಾಸದ ಮುಖ್ಯ ಘಟ್ಟವನ್ನು ಮೀರ್ ನಿಲ್ದಾಣದ ಗೋಧಿಯಲ್ಲಿ ಅರಸಬೇಕೆಂದು ನಮಗೆ ತೋರುತ್ತದೆ.

ಕಲ್ಪನೆಯು ಹಳೆಯದು. ವ್ಯೋಮಯಾನಕ್ಕೆ ಸಸ್ಯಗಳ ನೆರವು ಬೇಕೆಂದು ರಷ್ಯದ ಸಿಯೊಲ್ಕೊವ್‌ಸ್ಕಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಬರೆದಿದ್ದನು. ಅವನ ಅನುಯಾಯಿಯಾದ ಸಾಂಡರ್, ಮಣ್ಣಿನ ಭಾರವನ್ನು ತಪ್ಪಿಸಲೆಂದು ಇದ್ದಲಿನಲ್ಲಿ ಗಿಡ ಬೆಳೆಸಿ ನೋಡಿದನು. ಆಮೇಲೆ ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ನಗರದಲ್ಲಿ, 1965ರಿಂದ 1972ರವರೆಗೆ ಕಟ್ಟಿದ ‘ಬಯೋಸ್-3’ ಎಂಬ 315 ಘನಮೀಟರಿನ ಮುಚ್ಚಿದ ಮನೆಯಲ್ಲಿ ಈ ವಿಚಾರವು ನಿಜವಾದ ಪರೀಕ್ಷೆಗೆ ಒಳಗಾಯಿತು. 1972-73ರಲ್ಲಿ ನಡೆದ ಪ್ರಯೋಗವು 180 ದಿನಗಳದು. ಮೊದಲಲ್ಲಿ ವಿಜ್ಞಾನಿಗಳ ಲಕ್ಷ್ಯವಿದ್ದುದು ಊಟಕ್ಕಿಂತ ಹೆಚ್ಚಾಗಿ ಉಸಿರಿನ ಮೇಲೆ. ಅದಕ್ಕಾಗಿ ಕ್ಲೋರೆಲ್ಲ ಎಂಬ ಪಾಚಿಯನ್ನು ಆರಿಸಿದ್ದರು. ಒಬ್ಬ ಮನುಷ್ಯನ ಆಮ್ಲಜನಕಕ್ಕೆ ಸುಮಾರು 8 ಚದರ ಮೀಟರು ಪಾಚಿ ಸಾಕು. ಆದರೆ ಪಾಚಿಯನ್ನೇ ಉಣ್ಣುವುದಾಗದು. ಆದ್ದರಿಂದ ಗೋಧಿ ಮತ್ತು ತರಕಾರಿಗಳು ಒಳಗೆ ಬಂದುವು. ಹೀಗೆ ಗಾಳಿಗಾಗಿ ಹುಡುಕಿದ ಸಸ್ಯವು ಅನ್ನವಾಯಿತು.

ಕ್ರಾಸ್ನೊಯಾರ್ಸ್ಕಿನಲ್ಲಿ ಭೂಮಿಯ ಆಕರ್ಷಣೆ ಇತ್ತು; ಕಕ್ಷೆಯಲ್ಲಿ ಭಾರವಿಲ್ಲದ ಸ್ಥಿತಿ. ಅಲ್ಲಿ ನೀರು ಕೆಳಕ್ಕೆ ಇಳಿಯದೆ ಬೇರನ್ನು ಸುತ್ತಿ ಅಂಟಿಕೊಳ್ಳುತ್ತದೆ, ಬೇರಿಗೆ ಗಾಳಿ ದೊರೆಯದಂತಾಗುತ್ತದೆ. 1971ರಲ್ಲಿ ಸಲ್ಯೂತ್-1 ನಿಲ್ದಾಣದಲ್ಲಿ ಗಿಡಗಳನ್ನು ನೋಡಿಕೊಂಡ ಪತ್ಸಾಯೆವ್ ಮತ್ತು ಅವನ ಇಬ್ಬರು ಸಂಗಡಿಗರು ಹಿಂದಿರುಗುವಾಗ ಮಡಿದರು. 1982ರಲ್ಲಿ ಸಲ್ಯೂತ್-7ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆಯ ಕುಲದ ಕಳೆಯೊಂದು ಹೂ ಬಿಟ್ಟು ಬೀಜ ಕೊಟ್ಟಿತು. ಅಂತರಿಕ್ಷದಲ್ಲಿ ಇದೇ ಪ್ರಥಮ. ಆದರೆ ಅದು ಉಣ್ಣತಕ್ಕ ಧಾನ್ಯವಲ್ಲ.

ಮೀರ್ ನಿಲ್ದಾಣದಲ್ಲಿ 1990ರಿಂದ ಬಲ್ಗೇರಿಯದವರು ನಿರ್ಮಿಸಿದ ‘ಸ್ವೆತ್’ ಎಂಬ ಸಸ್ಯಗೃಹವಿತ್ತು. ಅದರಲ್ಲಿ ಮಣ್ಣಿಗೆ ಬದಲಾಗಿ ಜಿಯೊಲೈಟ್ ಖನಿಜದ ಹರಳುಗಳು. ರಷ್ಯ ಮತ್ತು ಅಮೆರಿಕದ ವಿಜ್ಞಾನಿಗಳು ಜತೆಗೂಡಿ ಅದರಲ್ಲಿ ಅತಿಕುಬ್ಜ ಗೋಧಿಯನ್ನು ಬಿತ್ತಿದರು. 1995ರಲ್ಲಿ ದೀಪಗಳು ಕೆಟ್ಟು ಬೆಳಕು ಸಾಲದೆ ಪೈರು ತೆನೆ ಬಿಡಲಿಲ್ಲ. 1996ರಲ್ಲಿ ಬೆಳಕು ಸರಿಯಾಯಿತು. ಪೈರು ಹಸನಾಗಿ ಬೆಳೆದು ಇನ್ನೂರಕ್ಕೂ ಹೆಚ್ಚು ತೆನೆ ಬಿಟ್ಟಿತು. ಡಿಸೆಂಬರಿನಲ್ಲಿ ಕೊಯ್ದು, ಮುಂದಿನ ತಿಂಗಳು ಭೂಮಿಗೆ ತಂದು ತೆನೆಗಳನ್ನು ಬಿಡಿಸಿ ನೋಡಿದರೆ ಒಂದರಲ್ಲಿಯೂ ಕಾಳಿಲ್ಲ. ಎಲ್ಲವೂ ಜೊಳ್ಳು!

ಭಾರವಿಲ್ಲದ ಕಡೆ ಧಾನ್ಯ ಕಟ್ಟುವುದೇ ಇಲ್ಲವೆಂದಾಗಿದ್ದರೆ ದೂರದ ಗ್ರಹಯಾನದ ಆಸೆಗೆ ಅಲ್ಲಿಯೇ ದೊಡ್ಡ ತಡೆ ಬೀಳುತ್ತಿತ್ತು. ಪರೀಕ್ಷೆಯಿಂದ ಬೇರೊಂದು ಕಾರಣ ಹೊರಬಿತ್ತು: ನಿಲ್ದಾಣದ ಗಾಳಿಯಲ್ಲಿ ಕೂಡಿಕೊಂಡಿದ್ದ ಎಥಿಲೀನ್ ಅನಿಲ. ನೆಲದ ಮೇಲೆ ಅದೇ ಅನಿಲವನ್ನು ಅಷ್ಟೇ ಪ್ರಮಾಣದಲ್ಲಿ ಹಾಯಿಸಿದಾಗ ಅಲ್ಲಿಯ ಗೋಧಿಯೂ ಬಂಜೆಯಾಯಿತು. ನಮ್ಮಲ್ಲಿ ಬಾಳೆಗೊನೆಗೆ ಹೊಗೆಯಿಟ್ಟು ಹಣ್ಣುಮಾಡುವಾಗ ಕೆಲಸ ಮಾಡುವುದೂ ಇದೇ ಅನಿಲ. ತಪ್ಪು ಆಕಾಶದ್ದಲ್ಲ, ಮುಚ್ಚಿದ ಕೋಣೆಯದು. ಬಳಿಕ ಎಥಿಲೀನನ್ನು ತಾಳಿಕೊಳ್ಳಬಲ್ಲ ‘ಅಪೊಜಿ’ ತಳಿಯನ್ನು 1998-99ರಲ್ಲಿ ಬಿತ್ತಲು, ಕಾಳು ಬಂದಿತು. ಆ ಕಾಳನ್ನು ಅಲ್ಲಿಯೇ ಮರಳಿ ಬಿತ್ತಿದಾಗ ಪೈರೂ ಬಂದಿತು.

ಇವೆರಡರ ನಡುವೆ, 1997ರಲ್ಲಿ, ಮೈಕೆಲ್ ಫೋಲ್ ಸಾಸಿವೆಯ ಜಾತಿಯ ಗಿಡಗಳನ್ನು ಬೆಳೆದನು. ಒಣಗಿದ ಜೇನುನೊಣದ ಎದೆಭಾಗವನ್ನು ಕಡ್ಡಿಗೆ ಅಂಟಿಸಿ, ಅದರಿಂದ ಹೂವಿನಿಂದ ಹೂವಿಗೆ ತಾನೇ ಪರಾಗ ಸವರಿದನು. ಜೂನ್ 25ರಂದು ಸರಕುನೌಕೆಯೊಂದು ನಿಲ್ದಾಣಕ್ಕೆ ಬಡಿದು ವಿದ್ಯುತ್ತು ಕುಂದಿದರೂ ಆ ಕೆಲಸ ಮುಂದುವರಿದು ಬೀಜ ದೊರೆಯಿತು. ಆಪತ್ತಿನ ನಡುವೆ ಗಿಡಗಳನ್ನು ಕೈಬಿಡದ ಈ ಶ್ರದ್ಧೆಯನ್ನು ವರದಿಗಳ ಅಂಕಿಗಳಷ್ಟೇ ಮುಖ್ಯವೆಂದು ಗಣಿಸಬೇಕು.

ಬತ್ತದ ಸರದಿ 2022ರಲ್ಲಿ ಬಂದಿತು. ಚೀನದ ನಿಲ್ದಾಣದಲ್ಲಿ ಜುಲೈ ಕೊನೆಯಿಂದ ನವೆಂಬರಿನವರೆಗೆ, ಸುಮಾರು 120 ದಿನಗಳಲ್ಲಿ, ಅದು ಬೀಜದಿಂದ ಬೀಜದವರೆಗಿನ ಬಾಳನ್ನು ಪೂರೈಸಿತು.

ಭಾರತದ ಪ್ರಯತ್ನ ಇನ್ನೂ ಮೊಳಕೆಯ ಹಂತದ್ದು. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ವಾಹನದ ಕೊನೆಯ ಹಂತದಲ್ಲಿ 8 ಅಲಸಂದೆ ಬೀಜಗಳಿದ್ದುವು. ಅವು ನಾಲ್ಕು ದಿನಗಳಲ್ಲಿ ಮೊಳೆತು ಬಳಿಕ ಎಲೆ ಬಿಟ್ಟುವು. 2025ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಮೆಂತ್ಯ ಮತ್ತು ಹೆಸರುಕಾಳುಗಳನ್ನು ಮೊಳೆಯಿಸಿದರು. ಆ ಪ್ರಯೋಗವನ್ನು ಯೋಜಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಮತ್ತು ಅದೇ ಊರಿನ ಐಐಟಿಯವರು. ಹಿಂದಿರುಗಿದ ಬೀಜಗಳನ್ನು ನೆಲದಲ್ಲಿ ಹಲವು ಪೀಳಿಗೆಗಳವರೆಗೆ ಬೆಳೆದು ಅವುಗಳ ಗುಣಗಳನ್ನು ಪರೀಕ್ಷಿಸುವುದು ಅವರ ಯೋಜನೆಯ ಮುಂದಿನ ಭಾಗ.