ಕಳೆದುಹೋದ ರೀಲುಗಳ ಶೋಧ

ಭಾರತದಲ್ಲಿ ಹಳೆಯ ಚಲನಚಿತ್ರಗಳನ್ನು ಹುಡುಕಿ ಕಾಪಾಡುವ ಕೆಲಸಕ್ಕೆಂದೇ ಒಂದು ಸರ್ಕಾರಿ ಸಂಸ್ಥೆ ಹುಟ್ಟಿದ್ದು 1964ರಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಅಷ್ಟು ಹೊತ್ತಿಗೆ, ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯ ಕೊರೋನೇಷನ್ ಚಿತ್ರಮಂದಿರದಲ್ಲಿ ತೆರೆಕಂಡು ಅರ್ಧ ಶತಮಾನ ಕಳೆದಿತ್ತು. ಮೂಕಿ ಯುಗದಲ್ಲಿ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು ತಯಾರಾಗಿದ್ದವು. ಬಿಡಿ ತುಣುಕುಗಳನ್ನೂ ಲೆಕ್ಕಕ್ಕೆ ಹಿಡಿದರೆ ಅವುಗಳಲ್ಲಿ ಇಂದು ಉಳಿದಿರುವುದು ಮೂವತ್ತರ ಆಸುಪಾಸು.

ಇಷ್ಟು ದೊಡ್ಡ ನಷ್ಟಕ್ಕೆ ಮೊದಲ ಕಾರಣ ರೀಲಿನಲ್ಲೇ ಇತ್ತು. 1950ರ ದಶಕದ ಆರಂಭದವರೆಗೆ ಚಿತ್ರಗಳನ್ನು ತೆಗೆಯುತ್ತಿದ್ದುದು ಬಹುತೇಕ ನೈಟ್ರೇಟ್ ಫಿಲ್ಮಿನಲ್ಲಿ. ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಬೆಂಕಿ ತಗುಲದಿದ್ದರೂ ಸೆಕೆಗೆ, ತೇವಕ್ಕೆ ತಾನಾಗಿಯೇ ಕೊಳೆಯುತ್ತದೆ. ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಸುರುಳಿ ಜಿಗುಟಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದರ ಮೇಲೆ ನೊರೆಯಂಥ ಗುಳ್ಳೆಗಳೇಳುತ್ತವೆ. ಕೊನೆಗೆ ಡಬ್ಬದ ಮುಚ್ಚಳ ತೆಗೆದರೆ ಘಾಟು ವಾಸನೆಯ ಜೊತೆ ಸಿಗುವುದು ಕಂದು ಪುಡಿ ಮಾತ್ರ. 2003ರ ಜನವರಿಯಲ್ಲಿ ಪುಣೆಯಲ್ಲೇ ಬೆಂಕಿ ಬಿದ್ದು, ಸಂಗ್ರಹಾಲಯದ ನೂರಾರು ಚಿತ್ರಗಳ ನೈಟ್ರೇಟ್ ರೀಲುಗಳು ಸುಟ್ಟುಹೋದವು.

ಎರಡನೆಯ ಕಾರಣ ವ್ಯಾಪಾರ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ಪಟ್ಟಣದಿಂದ ಪಟ್ಟಣಕ್ಕೆ, ಡೇರೆಯಿಂದ ಡೇರೆಗೆ ಓಡಿ ಗೀರುಬಿದ್ದ ಪ್ರಿಂಟಿಗೆ ಬೇಡಿಕೆ ಮುಗಿದ ಮೇಲೆ ಉಳಿಯುತ್ತಿದ್ದುದು ತೂಕದ ಬೆಲೆ. ಅಂಥ ರೀಲುಗಳನ್ನು ತೊಳೆದು ಬೆಳ್ಳಿ ತೆಗೆದು ಮಾರುವುದು ರೂಢಿಯಲ್ಲಿತ್ತು. ಟಾಕಿ ಬಂದ ಮೇಲಂತೂ ಮೂಕಿ ಚಿತ್ರಗಳನ್ನು ಕೇಳುವವರೇ ಇರಲಿಲ್ಲ. ಅವು ಗೋದಾಮಿನ ಜಾಗ ತಿನ್ನುವ ಹೊರೆಯಾದವು.

ಈ ಪರಿಸ್ಥಿತಿಯಲ್ಲಿ ಶೋಧವನ್ನು ಬದುಕಿನ ಕಾಯಕವಾಗಿಸಿಕೊಂಡವರು ಪಿ. ಕೆ. ನಾಯರ್. ತಿರುವನಂತಪುರದಲ್ಲಿ 1933ರಲ್ಲಿ ಹುಟ್ಟಿದ ಅವರು 1965ರಲ್ಲಿ ಸಂಗ್ರಹಾಲಯ ಸೇರಿ, 1982ರಲ್ಲಿ ನಿರ್ದೇಶಕರಾಗಿ, 1991ರಲ್ಲಿ ನಿವೃತ್ತರಾದರು. ಅವರ ಕಾಲದಲ್ಲಿ ಅಲ್ಲಿ ಸೇರಿದ ಚಿತ್ರಗಳು ಸುಮಾರು 12,000. ಅವುಗಳಲ್ಲಿ 8,000ದಷ್ಟು ಭಾರತೀಯ ಚಿತ್ರಗಳು. ನಿರ್ಮಾಪಕರ ಮನೆ, ಮುಚ್ಚಿದ ಸ್ಟುಡಿಯೊ, ಹಂಚಿಕೆದಾರರ ಗೋದಾಮು ಎಂದು ಅವರು ಊರೂರು ತಿರುಗಿದರು. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂಬ ಭೇದ ಮಾಡಲಿಲ್ಲ. ಯಾವುದು ಅಮೂಲ್ಯವೆಂದು ತೀರ್ಮಾನಿಸುವವರು ಮುಂದಿನ ತಲೆಮಾರಿನವರು, ಅಲ್ಲಿಯವರೆಗೆ ಎಲ್ಲವೂ ಉಳಿಯಬೇಕು ಎಂಬುದು ಅವರ ನಿಲುವು.

ಫಾಲ್ಕೆಯವರ ಚಿತ್ರಗಳು ಸಿಕ್ಕಿದ್ದು ಹೀಗೆಯೇ. ನಾಲ್ಕು ರೀಲಿನ ‘ರಾಜಾ ಹರಿಶ್ಚಂದ್ರ’ದಲ್ಲಿ ಸಂಗ್ರಹಾಲಯಕ್ಕೆ ದಕ್ಕಿದ್ದು ಮೊದಲನೆಯದು ಮತ್ತು ಕೊನೆಯದು ಮಾತ್ರ. ಅವು ಕೂಡ 1913ರ ಮೂಲದವೋ, 1917ರಲ್ಲಿ ಫಾಲ್ಕೆಯವರೇ ಮತ್ತೆ ತೆಗೆದ ಚಿತ್ರದವೋ ಎಂಬ ಚರ್ಚೆ ಇತಿಹಾಸಕಾರರಲ್ಲಿದೆ. 1919ರ ‘ಕಾಳಿಯಾ ಮರ್ದನ’ ನಾಸಿಕ್‌ನಲ್ಲಿ ಫಾಲ್ಕೆ ಕುಟುಂಬದವರ ಬಳಿ ಚೂರುಚೂರಾಗಿ ಉಳಿದಿತ್ತು. ಯಾವ ಚೂರು ಎಲ್ಲಿಗೆ ಸೇರಬೇಕೆಂಬುದಕ್ಕೆ ಫಾಲ್ಕೆಯವರು ಕೈಯಾರೆ ಬರೆದಿಟ್ಟಿದ್ದ ಟಿಪ್ಪಣಿಗಳು ನೆರವಾದವು. ಹಾಗೆ ಜೋಡಿಸಿದ ಚಿತ್ರದಲ್ಲಿ ಫಾಲ್ಕೆಯವರ ಮಗಳು ಮಂದಾಕಿನಿ, ಬಾಲಕೃಷ್ಣನಾಗಿ ಹಾವಿನ ಹೆಡೆಯ ಮೇಲೆ ಕುಣಿಯುವುದನ್ನು ಇಂದೂ ನೋಡಬಹುದು.

ಕೆಲವು ಕಡೆ ಶೋಧ ತಡವಾಯಿತು. ದೇಶದ ಮೊದಲ ಟಾಕಿ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡಿತು. ನಾಯರ್ ಅದರ ನಿರ್ದೇಶಕ ಅರ್ದೇಶಿರ್ ಇರಾನಿಯವರನ್ನೇ ಭೇಟಿಯಾಗಿದ್ದರು. ಒಂದಷ್ಟು ರೀಲು ಎಲ್ಲೋ ಇರಬೇಕೆಂಬ ಮಾತು ಬಂತು; ಆದರೆ ಅವೂ ಬೆಳ್ಳಿಗಾಗಿ ಹೋಗಿದ್ದವೆಂದು ಆಮೇಲೆ ತಿಳಿಯಿತು. ಇಂದು ಆ ಚಿತ್ರದ್ದೆಂದು ಉಳಿದಿರುವುದು ಸ್ಥಿರಚಿತ್ರಗಳು, ಜಾಹೀರಾತುಗಳು ಮತ್ತು ಪ್ರಚಾರದ ಪುಸ್ತಿಕೆ.

ಉಳಿದ ಚಿತ್ರಗಳು ಉಳಿದದ್ದು ಹೆಚ್ಚಾಗಿ ವ್ಯಾಪಾರದ ದಾರಿಯಿಂದ ಹೊರಗೆ ಸರಿದದ್ದರಿಂದ. ಇದಕ್ಕೆ ಒಳ್ಳೆಯ ನಿದರ್ಶನ ‘ಮಾರ್ತಾಂಡ ವರ್ಮ’. ಸಿ. ವಿ. ರಾಮನ್ ಪಿಳ್ಳೆಯವರ ಮಲಯಾಳಂ ಕಾದಂಬರಿ ಆಧರಿಸಿ ಪಿ. ವಿ. ರಾವ್ ನಿರ್ದೇಶಿಸಿದ ಈ ಮೂಕಿ ಚಿತ್ರ 1933ರಲ್ಲಿ ತಿರುವನಂತಪುರದಲ್ಲಿ ತೆರೆಕಂಡಿತು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರಾದ ಕಮಲಾಲಯ ಬುಕ್ ಡಿಪೊ ದಾವೆ ಹೂಡಿದ್ದರಿಂದ ಪ್ರದರ್ಶನ ನಿಂತು ಪ್ರಿಂಟು ಜಪ್ತಿಯಾಯಿತು. ನಿರ್ಮಾಪಕರಿಗೆ ಅದು ದೊಡ್ಡ ಪೆಟ್ಟು. ಆದರೆ ಊರೂರು ಓಡದ, ಬೆಳ್ಳಿಗೆ ಕರಗದ ಆ ಪ್ರಿಂಟು ಪುಸ್ತಕದಂಗಡಿಯಲ್ಲೇ ಉಳಿಯಿತು. 1974ರಲ್ಲಿ ಸಂಗ್ರಹಾಲಯಕ್ಕೆ ಬಂತು. ಸಲೀಸಾಗಿ ಓಡಿದ ಎಷ್ಟೋ ಚಿತ್ರಗಳು ಅಳಿದವು, ದಾವೆಯಲ್ಲಿ ಸಿಕ್ಕಿಬಿದ್ದದ್ದು ಉಳಿಯಿತು.

ವಿದೇಶಕ್ಕೆ ಹೋದ ಪ್ರತಿಗಳ ಕಥೆಯೂ ಇಂಥದ್ದೇ. ಹಿಮಾಂಶು ರಾಯ್ ಅವರ ‘ಶಿರಾಜ್’ (1928) ಮತ್ತು ‘ಎ ಥ್ರೋ ಆಫ್ ಡೈಸ್’ (1929) ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಉಗ್ರಾಣದಲ್ಲಿ ಉಳಿದವು. ಬಂಗಾಳದ ಮೊದಮೊದಲ ಕಥಾಚಿತ್ರಗಳಲ್ಲಿ ಒಂದಾದ ‘ಬಿಲ್ವಮಂಗಲ’ (1919) ಪ್ಯಾರಿಸ್ಸಿನ ಸಿನೆಮಾತೆಕ್‌ನಲ್ಲಿ ಪತ್ತೆಯಾಯಿತು; ಅದರ ಉಳಿದ ಭಾಗದ ಡಿಜಿಟಲ್ ಪ್ರತಿ 2016ರಲ್ಲಿ ಪುಣೆಗೆ ಬಂತು.

ಕನ್ನಡದ ಮಟ್ಟಿಗೆ ಈ ಶೋಧದ ದೊಡ್ಡ ಖಾಲಿ ಜಾಗ ‘ಸತಿ ಸುಲೋಚನಾ’. ವೈ. ವಿ. ರಾವ್ ನಿರ್ದೇಶಿಸಿದ ಈ ಮೊದಲ ಕನ್ನಡ ಟಾಕಿಯ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. 1934ರ ಮಾರ್ಚ್ 3ರಂದು ಅದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದ್ದರು. ಬರವಣಿಗೆ ಬೆಳ್ಳಾವೆ ನರಹರಿ ಶಾಸ್ತ್ರಿಗಳದ್ದು. ಕಂಪನಿ ನಾಟಕದ ಮಾತು, ಹಾಡು, ಹಾವಭಾವ ತೆರೆಯ ಮೇಲೆ ಬಂದಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿಯಾಗಬಹುದಾಗಿದ್ದ ಆ ಚಿತ್ರದ ಒಂದು ಪ್ರಿಂಟೂ ಸಿಕ್ಕಿಲ್ಲ. ಅದು ತೆರೆಕಂಡ ದಿನವನ್ನು ಕನ್ನಡ ಚಿತ್ರರಂಗ ಪ್ರತಿವರ್ಷ ನೆನೆಯುತ್ತದೆ. ಚಿತ್ರ ಮಾತ್ರ ಕಣ್ಣಿಗಿಲ್ಲ.

ಪ್ರಿಂಟು ಸಿಗದಿದ್ದಾಗ ಶೋಧ ಕಾಗದಗಳತ್ತ ತಿರುಗುತ್ತದೆ. ಚಿತ್ರಮಂದಿರದ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲಿ ಕಥಾಸಾರ, ಪಾತ್ರವರ್ಗ, ಸಾಹಿತ್ಯ ಎಲ್ಲವೂ ಇರುತ್ತಿದ್ದವು. ಸೆನ್ಸಾರ್ ದಾಖಲೆ ರೀಲಿನ ಉದ್ದವನ್ನು ಅಡಿಗಳಲ್ಲಿ ಹೇಳುತ್ತದೆ, ಪತ್ರಿಕೆಯ ಜಾಹೀರಾತು ಚಿತ್ರ ಓಡಿದ ಊರನ್ನು ತಿಳಿಸುತ್ತದೆ, ಗ್ರಾಮಫೋನ್ ತಟ್ಟೆಯಲ್ಲಿ ದನಿ ಸಿಗುತ್ತದೆ. ಇವು ಚಿತ್ರಕ್ಕೆ ಬದಲಿಯಲ್ಲ. ಆದರೆ ಹೆಸರುಪಟ್ಟಿ ಕಿತ್ತುಹೋದ ರೀಲೊಂದು ಕೈಗೆ ಬಂದರೆ ಅದು ಯಾವ ಚಿತ್ರದ್ದೆಂದು ಗುರುತಿಸುವುದು ಇವುಗಳಿಂದಲೇ. ಹಾಗಾಗಿ ಹಳೆಯ ಮನೆಯ ಅಟ್ಟದಲ್ಲಿರುವ ಹಾಡಿನ ಪುಸ್ತಕಕ್ಕೂ ತುಕ್ಕುಹಿಡಿದ ರೀಲಿನ ಡಬ್ಬಕ್ಕೂ ಸಂಗ್ರಹಾಲಯದಲ್ಲಿ ಸಮನಾದ ಜಾಗವಿದೆ.