ಮೇಳ ಹೋಬಳಿಗೂ ಬರಲಿ: ರಂಗಾಯಣ ಮತ್ತು ನಮ್ಮ ಮಕ್ಕಳು

ನಾಟಕದ ಹುಚ್ಚು ಹತ್ತಿ ಮನೆ ಬಿಟ್ಟು ಓಡಿಹೋದ ಹುಡುಗನ ಕಥೆ ಒಂದು ಕಾಲಕ್ಕೆ ಕನ್ನಡನಾಡಿನ ಊರೂರಲ್ಲೂ ಇತ್ತು. ಬಂಟ್ವಾಳದ ಕಡೆಯ ಮಂಚಿಯಲ್ಲಿ ಹುಟ್ಟಿದ ಬಾಬುಕೋಡಿ ವೆಂಕಟರಮಣ ಕಾರಂತರದೂ ಅದೇ ಕಥೆ. ಮೂರನೇ ತರಗತಿಯಲ್ಲಿ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ ಪಾತ್ರ ಮಾಡಿದ ಹುಡುಗ ಮುಂದೆ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ನಮ್ಮ ಚಾಮರಾಜನಗರ ತಾಲ್ಲೂಕಿಗೆ ಅಂಟಿಕೊಂಡಿರುವ ತಾಳವಾಡಿ ಸೀಮೆಯ ಗಾಜನೂರಿನ ಮುತ್ತುರಾಜ ಓಡಿಹೋಗಬೇಕಾಗಿ ಬರಲಿಲ್ಲ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ನಟರಾಗಿದ್ದರು. ಆದರೆ ಶಾಲೆ ಅವನಿಗೂ ತಪ್ಪಿತು. ಅವನೇ ಮುಂದೆ ರಾಜಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಆ ಕಾಲದಲ್ಲಿ ನಾಟಕ ಬೇಕೆಂದರೆ ಶಾಲೆ ಬಿಡಬೇಕಿತ್ತು, ಶಾಲೆ ಬೇಕೆಂದರೆ ನಾಟಕ ಬಿಡಬೇಕಿತ್ತು.

ಈ ಜಗಳ ಬಿಡಿಸಿದವರಲ್ಲಿ ಕಾರಂತರೇ ದೊಡ್ಡವರು. ಅವರಿಗೆ ಅದು ಸಾಧ್ಯವಾದದ್ದಕ್ಕೆ ಗುಬ್ಬಿ ವೀರಣ್ಣನವರ ಋಣವೂ ಇದೆ. ಹುಡುಗನ ಬುದ್ಧಿ ಕಂಡು ಅವನನ್ನು ಕಾಶಿಗೆ ಕಳಿಸಿ ಎಂ.ಎ. ಓದಿಸಿದವರು ವೀರಣ್ಣ. ಕಂಪನಿ ಮಾಲೀಕ ತನ್ನ ನಟನನ್ನು ಓದಲು ಕಳಿಸುವುದು ವ್ಯಾಪಾರದ ಲೆಕ್ಕಕ್ಕೆ ಕೂಡಿಬರುವ ಮಾತಲ್ಲ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಮೇಲೆ 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾದರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ 'ಬೆನಕ ಮಕ್ಕಳ ನಾಟಕ ಕೇಂದ್ರ' ಕಟ್ಟಿದರು. ಮಕ್ಕಳ ರಂಗಭೂಮಿಯ ಮಾತು ಬಂದಾಗ ಪ್ರೇಮಾ ಅವರ ಹೆಸರನ್ನು ಗಂಡನ ಹೆಸರಿನ ಬಾಲಕ್ಕೆ ಕಟ್ಟುವುದು ರೂಢಿಯಾಗಿಬಿಟ್ಟಿದೆ. ನನಗೆ ಅದು ಸರಿಕಾಣುವುದಿಲ್ಲ. ಮಕ್ಕಳ ತಂಡವೊಂದನ್ನು ವರ್ಷಗಟ್ಟಲೆ ಎಳೆದುಕೊಂಡು ಹೋಗುವ ಕಷ್ಟ ಅದನ್ನು ಮಾಡಿದವರಿಗೇ ಗೊತ್ತು.

ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ಆಮೇಲೆ ಭೋಪಾಲಿನ ಭಾರತ ಭವನದ ರಂಗಮಂಡಲ ಕಟ್ಟಿ, ಕೊನೆಗೆ ಮೈಸೂರಿಗೆ ಬಂದರು. 1989ರಲ್ಲಿ ಕರ್ನಾಟಕ ಸರ್ಕಾರ ರಂಗಾಯಣ ಸ್ಥಾಪಿಸಿ ಅವರನ್ನೇ ಮೊದಲ ನಿರ್ದೇಶಕರನ್ನಾಗಿ ಮಾಡಿತು. ಕಲಾಮಂದಿರದ ಆವರಣದಲ್ಲಿ ನಾಡಿನ ಬೇರೆ ಬೇರೆ ಜಿಲ್ಲೆಗಳಿಂದ ಆರಿಸಿ ತಂದ ಇಪ್ಪತ್ತಕ್ಕೂ ಹೆಚ್ಚು ಹುಡುಗ ಹುಡುಗಿಯರು ಸೇರಿದರು. ನಟನೆಯೇ ಕೆಲಸ, ಅದಕ್ಕೇ ಸಂಬಳ. ನಾಟಕ ನೋಡಲು ಟಿಕೆಟ್ ಕೊಳ್ಳುವುದಕ್ಕೇ ಹಿಂದೆಮುಂದೆ ನೋಡುವ ನಾಡಿನಲ್ಲಿ ಇದು ಸಣ್ಣ ಧೈರ್ಯವೇನಲ್ಲ. ಭೂಮಿಗೀತ, ವನರಂಗ ಎಂಬ ಅಲ್ಲಿನ ರಂಗಸ್ಥಳಗಳ ಹೆಸರುಗಳು ಮೈಸೂರಿನವರ ಬಾಯಿಗೆ ಹತ್ತಿದವು. ಕಾರಂತರ ನಂತರ ಸಿ. ಬಸವಲಿಂಗಯ್ಯ, ಪ್ರಸನ್ನ, ನೀನಾಸಂನಿಂದ ಬಂದ ಚಿದಂಬರರಾವ್ ಜಂಬೆ, ಜನ್ನಿ ಹೀಗೆ ಹಲವರು ನಿರ್ದೇಶಕರಾದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಆ ಕುರ್ಚಿಯಲ್ಲಿ ಕೂತರು. 2010ರಲ್ಲಿ ಬಸವಲಿಂಗಯ್ಯನವರ 'ಮಲೆಗಳಲ್ಲಿ ಮದುಮಗಳು' ರಾತ್ರಿಯಿಡೀ ನಡೆದು ಬೆಳಕು ಹರಿಸಿತು. ಇದೆಲ್ಲ ಬೇಕಾದಷ್ಟು ಕಡೆ ಬರೆದಾಗಿದೆ. ಚಂದಕವಾಡಿಯಲ್ಲಿ ಕೂತು ಬರೆಯುವ ನನಗೆ ರಂಗಾಯಣದ ಎಲ್ಲ ಕೆಲಸಗಳಿಗಿಂತ ದೊಡ್ಡದಾಗಿ ಕಾಣುವುದು ಬೇಸಿಗೆ ರಜೆಯ 'ಚಿಣ್ಣರ ಮೇಳ'.

ಮೇಳದ ಅರ್ಜಿ ಕೊಡುವ ದಿನ ಅಪ್ಪ ಅಮ್ಮಂದಿರು ಬೆಳಗಾಗುವ ಮುಂಚೆಯೇ ಸರದಿಯಲ್ಲಿ ನಿಲ್ಲುವುದು ಮೈಸೂರಿನಲ್ಲಿ ಸುದ್ದಿಯಾಗುತ್ತಿತ್ತು. ಇಂಗ್ಲಿಷ್ ಶಾಲೆಯ ಸೀಟಿಗೆ ನಿಲ್ಲುವಂತೆ ನಾಟಕಕ್ಕೂ ಜನ ನಿಂತರಲ್ಲ, ಅದೇ ಸಮಾಧಾನ! ರಂಗಾಯಣದ ಕಲಾವಿದರೇ ಅಲ್ಲಿ ಮೇಷ್ಟ್ರುಗಳು. ಮಕ್ಕಳನ್ನು ಗುಂಪು ಮಾಡಿ, ಗುಂಪಿಗೊಂದು ನಾಟಕ ಕೊಟ್ಟು, ಹಾಡು, ಕುಣಿತ, ಮುಖವಾಡ, ಚಿತ್ರ, ಕಥೆ ಎಲ್ಲವನ್ನೂ ಬೆರೆಸಿ, ಕಡೆಗೆ ವೇದಿಕೆ ಹತ್ತಿಸುತ್ತಾರೆ.

ಅಂಥ ಶಿಬಿರಗಳಲ್ಲಿ ಮಕ್ಕಳಿಗೆ ಮೊದಲ ದಿನವೇ ಮಾತು ಕೊಡುವುದಿಲ್ಲ. ಒಂದು ಆಟವನ್ನೇ ನೋಡಿ. ಮೂವತ್ತು ಮಕ್ಕಳನ್ನು ಸುತ್ತ ಕೂರಿಸಿ, ಒಂದು ಬೆರಳಿಂದ ಅಂಗೈ ತಟ್ಟಲು ಹೇಳುತ್ತಾರೆ. ಹನಿ ಬೀಳಲು ಶುರುವಾಗುತ್ತದೆ. ಎರಡು ಬೆರಳು, ಮೂರು ಬೆರಳು, ಪೂರ್ತಿ ಚಪ್ಪಾಳೆ. ಮಳೆ ಹಿಡಿಯಿತು. ತೊಡೆ ಬಡಿದು, ಕಾಲು ಕುಟ್ಟಿದರೆ ಜಡಿಮಳೆ, ಗುಡುಗು. ಆಮೇಲೆ ಮಳೆ ಬಿಡಬೇಕು: ಕಾಲು ನಿಲ್ಲಬೇಕು, ಚಪ್ಪಾಳೆ ತಗ್ಗಬೇಕು, ಮತ್ತೆ ಒಂದೇ ಬೆರಳು. ಗಲಾಟೆ ಹುಡುಗ ಸಿಕ್ಕಿಬೀಳುವುದು ಇಲ್ಲೇ. ಜೋರು ಮಾಡುವುದು ಅವನಿಗೆ ಸಲೀಸು, ಇಳಿಸುವುದು ಬಾರದು. ಪಕ್ಕದವರ ಸದ್ದು ಕೇಳಿಸಿಕೊಳ್ಳದೆ ಇಳಿಸಲು ಆಗುವುದೂ ಇಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ 'ಎದ್ದು ನಿಂತು ಹೇಳು' ಎಂಬ ಶಿಕ್ಷೆ ಇಲ್ಲ, ಅವಳ ಬೆರಳೂ ಮಳೆಯೊಳಗೆ ಸೇರಿಕೊಂಡಿರುತ್ತದೆ. ಹೀಗೆ ಸೇರಿಕೊಂಡ ಮೇಲೆ ಮಾತು ತಾನಾಗಿ ಬರುತ್ತದೆ. ನಾನು ನಮ್ಮ ಶಾಲೆಯ ಜಗಲಿಯಲ್ಲಿ ಇದನ್ನು ಆಡಿಸಿದ್ದೇನೆ. ಖರ್ಚು ಒಂದು ಬಿಡಿಗಾಸಿಲ್ಲ.

ಕಾರಂತರ ಸಂಗೀತದ ಗುಟ್ಟೂ ಹೆಚ್ಚುಕಡಿಮೆ ಇದೇ. ಕಲ್ಲು, ಕೋಲು, ಮರದ ತುಂಡು, ಕೈಗೆ ಸಿಕ್ಕಿದ್ದೆಲ್ಲ ಅವರಿಗೆ ವಾದ್ಯ. ರವೀಂದ್ರನಾಥ ಟ್ಯಾಗೋರರ ಗಿಳಿಯ ಕಥೆಯನ್ನು ಆಧರಿಸಿ ಅವರು ಮಕ್ಕಳಿಗೆ 'ಪಂಜರಶಾಲೆ' ಎಂಬ ನಾಟಕ ಮಾಡಿದರು. ರಾಜನೊಬ್ಬ ಗಿಳಿಗೆ ವಿದ್ಯೆ ಕಲಿಸಬೇಕೆಂದು ಹೊರಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಹಾಳೆಗಟ್ಟಲೆ ಪುಸ್ತಕವನ್ನು ಗಿಳಿಯ ಗಂಟಲಿಗೆ ತುರುಕುತ್ತಾರೆ. ಎಲ್ಲರಿಗೂ ಲಾಭ, ಗಿಳಿಯ ಪ್ರಾಣ ಮಾತ್ರ ಹೋಗುತ್ತದೆ. ಪರೀಕ್ಷೆ ಮುಗಿಸಿ ಬಂದ ಮಕ್ಕಳು ಆ ಪಂಡಿತರ ಪಾತ್ರ ಮಾಡುವಾಗ ಅದೆಷ್ಟು ಹುರುಪು! ಯಾವ ಮೇಷ್ಟ್ರನ್ನು ಅನುಕರಿಸುತ್ತಿದ್ದಾರೆ ಎಂಬುದು ಪ್ರೇಕ್ಷಕರಿಗೂ ಗೊತ್ತಾಗುತ್ತದೆ.

ರಂಗಾಯಣದ ಮೊದಲ ತಂಡದ ಕಲಾವಿದರಲ್ಲಿ ಕೆಲವರು ಈ ಕೆಲಸವನ್ನು ಇನ್ನೂ ದೂರ ಒಯ್ದರು. ಮಂಡ್ಯ ರಮೇಶ್ ಹೊರಬಂದು ಮೈಸೂರಿನಲ್ಲೇ 'ನಟನ' ಕಟ್ಟಿ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿಕೊಂಡು ಬಂದರು. ಹುಲಗಪ್ಪ ಕಟ್ಟೀಮನಿ ಜೈಲಿನೊಳಗೆ ಹೋಗಿ ಕೈದಿಗಳಿಂದ ನಾಟಕ ಆಡಿಸಿದರು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ 'ಮಾರನಾಯಕ'ನನ್ನು ಕೊಲೆ ಮಾಡಿ ಜೈಲು ಸೇರಿದವರೇ ಅಭಿನಯಿಸಿದರು ಎಂದರೆ, ಆ ರಂಗದ ಮೇಲಿನ ಪಶ್ಚಾತ್ತಾಪಕ್ಕೆ ತಾಲೀಮು ಬೇಕಾಗಿತ್ತೇ? ನಾಟಕದಿಂದ ಮನಸ್ಸು ಹಗುರಾಗುತ್ತದೆ ಎಂದರೆ ಹಿಂದೆ ಜನ ನಗುತ್ತಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಲೆಗೂ ಆರೋಗ್ಯಕ್ಕೂ ನಂಟಿದೆ ಎಂದು ವರದಿ ಕೊಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ನಾಟಕಗಳು ಶಾಲೆಯ ಒಳಗೇ ಇರಬೇಕೆಂದು ಹೇಳಿ ಎಷ್ಟು ವರ್ಷವಾಯಿತು! ನಮ್ಮಲ್ಲಿ ಅದು ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿಯ ಬಹುಮಾನಕ್ಕೆ ಬಂದು ನಿಂತಿದೆ. ಗೆದ್ದವರಿಗೆ ಪ್ರಮಾಣಪತ್ರ, ಸೋತವರು ಮನೆಗೆ.

ಮೇಳದ ಬಗ್ಗೆಯೂ ಒಂದು ತಕರಾರು ಇದೆ. ಕೊನೆಯ ದಿನದ ಪ್ರದರ್ಶನದ ಭಾರ ಎಲ್ಲ ಶಿಬಿರಗಳ ಮೇಲೂ ಹೆಚ್ಚುತ್ತಿದೆ. ವೇಷಭೂಷಣ, ಬೆಳಕು, ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದ ಪೋಷಕರು. ಮಗುವಿಗೆ ಒಳ್ಳೆಯದಾಗುವುದು ತಾಲೀಮಿನ ಮೂರು ವಾರದಲ್ಲಿ, ಆ ಒಂದು ಗಂಟೆಯಲ್ಲಲ್ಲ.

ಇನ್ನು ನಮ್ಮ ಮಾತು. ಚಂದಕವಾಡಿ ಹೋಬಳಿಯ ಮಗು ಮೇಳಕ್ಕೆ ಹೋಗಬೇಕೆಂದರೆ ಮೊದಲು ಬಸ್ಸು ಹಿಡಿದು ಚಾಮರಾಜನಗರ ಸೇರಬೇಕು. ಅಲ್ಲಿಂದ ಮೈಸೂರಿಗೆ ಇನ್ನೂ 60 ಕಿಲೋಮೀಟರ್. ಶುಲ್ಕ ಬೇರೆ. ಕೂಲಿಗೆ ಹೋಗುವ ತಾಯಿ ತಿಂಗಳಿಡೀ ಮಗುವನ್ನು ಕರೆದುಕೊಂಡು ಓಡಾಡುವುದು ಆಗದ ಮಾತು. ಹಾಗೆಂದು ನಮ್ಮ ಮಕ್ಕಳು ಕಲೆಯಿಲ್ಲದ ಸೀಮೆಯವರೇನಲ್ಲ. ನೀಲಗಾರರ ತಂಬೂರಿ, ದೇವರಗುಡ್ಡರ ಕಂಸಾಳೆ, ಗೊರವರ ಕುಣಿತ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡು, ಚಿಕ್ಕಲ್ಲೂರು ಜಾತ್ರೆಯ ಚಂದ್ರಮಂಡಲ, ಇವು ನಮ್ಮ ಸುತ್ತಲೇ ಇವೆ. ಮಂಟೇಸ್ವಾಮಿ ಕಥೆ ಮಾಡುವಾಗ ಮುಂದಿನವರು ಕಥೆ ಎತ್ತಿದರೆ ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ಆ ಹಿಂದಿನ ಸಾಲಿನಲ್ಲಿ ಕೂತ ಹುಡುಗ ವರ್ಷಗಟ್ಟಲೆ ಸೊಲ್ಲು ಹಿಡಿದೇ ಇಡೀ ಕಾವ್ಯ ಕಲಿಯುತ್ತಾನೆ. ಯಾರೂ ಅವನನ್ನು ಒಬ್ಬನೇ ನಿಲ್ಲಿಸಿ ಕಂಠಪಾಠ ಒಪ್ಪಿಸಿಕೊಳ್ಳುವುದಿಲ್ಲ. ಮೈಸೂರಿನ ಶಿಬಿರದ ಮಳೆಯಾಟಕ್ಕೂ ನಮ್ಮ ಸೊಲ್ಲಿಗೂ ಕಲಿಸುವ ರೀತಿ ಒಂದೇ. ಆದರೂ ಅದೇ ಹುಡುಗ ಶಾಲೆಗೆ ಬಂದರೆ ಹಿಂದಿನ ಬೆಂಚಿನ ದಡ್ಡ.

ಇದನ್ನು ಸರಿಪಡಿಸಲು ಬೇಕಾದದ್ದೆಲ್ಲ ಆಗಲೇ ಇದೆ. ಚಾಮರಾಜನಗರದಲ್ಲಿ ರಾಜಕುಮಾರ್ ಹೆಸರಿನ ಜಿಲ್ಲಾ ರಂಗಮಂದಿರವಿದೆ. ರಂಗಾಯಣದಲ್ಲಿ ಮೊದಲ ತಲೆಮಾರಿನ ಕಲಾವಿದರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತ ಬಂದಿದ್ದಾರೆ. ವರ್ಷಗಟ್ಟಲೆ ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಅವರಲ್ಲಿದೆ. ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು ಹೊರಬಂದ, ಕೆಲಸ ಹುಡುಕುವ ತರುಣರೂ ಇದ್ದಾರೆ. ಏಪ್ರಿಲ್‌ನಲ್ಲಿ ಸರ್ಕಾರಿ ಶಾಲೆಗಳ ಕೊಠಡಿಗಳು ಬೀಗ ಹಾಕಿಕೊಂಡು ಕೂತಿರುತ್ತವೆ. ಹೋಬಳಿಗೊಂದು ಶಾಲೆ, ಇಬ್ಬರು ರಂಗಶಿಕ್ಷಕರು, ಒಬ್ಬ ನೀಲಗಾರ ಅಥವಾ ಕಂಸಾಳೆಯ ಗುರು, ಮೂರು ವಾರ, ಮಧ್ಯಾಹ್ನದ ಊಟ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆಯೂ ಬೇಡ. ರಂಗಾಯಣದವರು, ಶಿಕ್ಷಣ ಇಲಾಖೆಯವರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಒಂದು ಮೇಜಿನ ಸುತ್ತ ಕೂತು ಬರುವ ಬೇಸಿಗೆಗೇ ಇದನ್ನು ಚಂದಕವಾಡಿಯಿಂದ ಶುರುಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಶಾಲೆಯ ಬೀಗದ ಕೈ ಕೊಡಿಸುವ ಜವಾಬ್ದಾರಿ ನಮ್ಮೂರಿನವರದು.