ಬಾಗಿದ ಬೆನ್ನೂ ಉಸಿರಿನ ಚಿಕಿತ್ಸೆಯೂ

ಭಾಗವತದ ದಶಮಸ್ಕಂಧದಲ್ಲಿ ತ್ರಿವಕ್ರೆಯ ಕಥೆ ಬರುತ್ತದೆ. ಮೂರು ಕಡೆ ಡೊಂಕಾದ ಮೈಯ ಆ ಹೆಂಗಸು ಕಂಸನಿಗೆಂದು ಗಂಧವನ್ನು ಒಯ್ಯುತ್ತಿರುವಾಗ ಮಥುರೆಯ ರಾಜಬೀದಿಯಲ್ಲಿ ಕೃಷ್ಣನನ್ನು ಕಂಡು, ಆ ಗಂಧವನ್ನು ಅವನಿಗೇ ಅರ್ಪಿಸುತ್ತಾಳೆ. ಕೃಷ್ಣನು ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳನ್ನಿಟ್ಟು ಮೇಲಕ್ಕೆತ್ತುತ್ತಾನೆ. ಅವಳ ಮೈ ನೆಟ್ಟಗಾಗುತ್ತದೆ. ಪುರಾಣದಲ್ಲಿ ಇದು ಒಂದು ಕ್ಷಣದ ಲೀಲೆ. ವೈದ್ಯದ ಚರಿತ್ರೆಯಲ್ಲಿಯಾದರೋ, ಕಾಲನ್ನು ಹಿಡಿದು ತಲೆಯನ್ನು ಸೆಳೆಯುವ ಇದೇ ಉಪಾಯವನ್ನು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಮನುಷ್ಯರು ಪ್ರಯೋಗಿಸುತ್ತ ಬಂದರು. ಹೊರಗಿನಿಂದ ಎಳೆಯುವ, ಒತ್ತುವ, ಕಟ್ಟುವ ಈ ದೀರ್ಘ ಪರಂಪರೆಯ ನಡುವೆ, ಒಳಗಿನಿಂದ ಉಸಿರಿನ ಬಲದಿಂದಲೇ ಡೊಂಕನ್ನು ತಿದ್ದಲು ಹೊರಟವಳು ಒಬ್ಬ ಜರ್ಮನ್ ಉಪಾಧ್ಯಾಯಿನಿ. ಆಕೆಯ ಹೆಸರು ಕಾಥರೀನಾ ಶ್ರೋಟ್. ಆಕೆಯ ಪ್ರಯತ್ನದ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಬೆನ್ನೆಲುಬು ಪಕ್ಕಕ್ಕೆ ಬಾಗುವ ಈ ವಿಕಾರಕ್ಕೆ ಸ್ಕೋಲಿಯೋಸಿಸ್ ಎಂದು ಹೆಸರು. ಡೊಂಕು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಶಬ್ದ ಇದು. ಹತ್ತು ಡಿಗ್ರಿಗಿಂತ ಹೆಚ್ಚಿನ ಬಾಗು, ಬೆಳೆಯುವ ವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇರುತ್ತದೆ. ಬಹುಪಾಲು ರೋಗಿಗಳಲ್ಲಿ ಇದಕ್ಕೆ ಕಾರಣ ಏನೆಂಬುದು ಇಂದಿಗೂ ಗೊತ್ತಿಲ್ಲ. ಬಾಗು ಹೆಚ್ಚುತ್ತ ಹೋಗುವುದು ಹುಡುಗರಿಗಿಂತ ಹುಡುಗಿಯರಲ್ಲೇ ಅಧಿಕ. ಅದೂ ಅವರು ಮೈನೆರೆಯುವ ಹೊತ್ತಿನಲ್ಲಿ, ದೇಹ ಭರದಿಂದ ಬೆಳೆಯುವಾಗ. ಬೆನ್ನೆಲುಬು ಬರಿದೆ ಪಕ್ಕಕ್ಕೆ ವಾಲುವುದಿಲ್ಲ, ಹಗ್ಗದಂತೆ ತಿರುಚಿಕೊಳ್ಳುತ್ತದೆ. ಅದಕ್ಕೆ ಅಂಟಿಕೊಂಡ ಹನ್ನೆರಡು ಜೊತೆ ಪಕ್ಕೆಲುಬುಗಳು ಅದರೊಡನೆಯೇ ತಿರುಗುತ್ತವೆ. ಹೊರಬಾಗಿನ ಕಡೆ ಪಕ್ಕೆಲುಬುಗಳು ಹಿಂದಕ್ಕೆ ಉಬ್ಬಿ ಗೂನಾಗುತ್ತವೆ. ಒಳಬಾಗಿನ ಕಡೆ ಒಂದರ ಮೇಲೊಂದು ಕುಗ್ಗಿ ತಗ್ಗು ಬೀಳುತ್ತದೆ. ಎದೆಯೆಂಬ ಗೂಡೇ ಹೀಗೆ ಸೊಟ್ಟಗಾದಮೇಲೆ ಅದರೊಳಗಿನ ಶ್ವಾಸಕೋಶಗಳಿಗೆ ಹರಡಿಕೊಳ್ಳಲು ಎಡೆಯೆಲ್ಲಿ? ಆದ್ದರಿಂದ ಬೆನ್ನಿನ ಕಥೆ ಮೊದಲಿನಿಂದಲೂ ಉಸಿರಿನ ಕಥೆಯೂ ಆಗಿದೆ.

ಇದನ್ನು ಗ್ರೀಕರು ಬಲ್ಲರು. ಕ್ರಿಸ್ತಪೂರ್ವ ಐದನೆಯ ಮತ್ತು ನಾಲ್ಕನೆಯ ಶತಮಾನಗಳಲ್ಲಿ ಬದುಕಿದ್ದ ಹಿಪೊಕ್ರೆಟಿಸನ ಹೆಸರಿನಲ್ಲಿರುವ, ಕೀಲುಗಳನ್ನು ಕುರಿತ ಗ್ರಂಥದಲ್ಲಿ, ವಪೆಗಿಂತ ಮೇಲೆ ಗೂನಾದವರ ಎದೆ ಅಗಲವಾಗಿ ಬೆಳೆಯದೆ ಮುಂದಕ್ಕೆ ಚೂಪಾಗುವುದನ್ನೂ ಅವರಿಗೆ ಉಸಿರಾಟ ಕಷ್ಟವಾಗುವುದನ್ನೂ ಹೇಳಿದೆ. ಆದರೆ ಅಲ್ಲಿಯ ಚಿಕಿತ್ಸೆ ಉಸಿರನ್ನು ಕುರಿತದ್ದಲ್ಲ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಎರಡು ತುದಿಗಳಿಂದ ಎಳೆದು, ಗೂನನ್ನು ಮೇಲಿನಿಂದ ಒತ್ತುವುದು ಒಂದು ಕ್ರಮ. ಏಣಿಗೆ ಕಟ್ಟಿ ಎತ್ತರದಿಂದ ಇಳಿಬಿಟ್ಟು ಕುಲುಕುವುದು ಇನ್ನೊಂದು ಕ್ರಮ. ಇದು ಜನರ ಗುಂಪನ್ನು ಬೆರಗುಗೊಳಿಸಲು ಹೊರಟವರ ಕೆಲಸವೆಂದು ಆ ಗ್ರಂಥವೇ ಕಟಕಿಯಾಡಿದೆ. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಆಂಬ್ರುವಾಸ್ ಪಾರೆ ಎಂಬ ಶಸ್ತ್ರವೈದ್ಯನು ತೂತುಗಳಿದ್ದ ತೆಳುವಾದ ಕಬ್ಬಿಣದ ಕವಚವನ್ನು ತೊಡಿಸಿದನು. 1741ರಲ್ಲಿ ನಿಕೊಲಾ ಆಂದ್ರಿ ಎಂಬಾತ ಮಕ್ಕಳ ಅಂಗವಿಕಾರಗಳನ್ನು ಕುರಿತು ಬರೆದ ಪುಸ್ತಕದಲ್ಲಿ, ಡೊಂಕು ಸಸಿಯನ್ನು ಗೂಟಕ್ಕೆ ಹಗ್ಗದಿಂದ ಬಿಗಿದ ಚಿತ್ರವೊಂದಿದೆ. ಮೂಳೆವೈದ್ಯರ ಸಂಘಗಳು ಅದನ್ನೇ ತಮ್ಮ ಲಾಂಛನವನ್ನಾಗಿ ಮಾಡಿಕೊಂಡವು. ಮಗು ಒಂದು ಸಸಿ, ವೈದ್ಯ ಒಂದು ಗೂಟ: ಈ ಉಪಮಾನದಲ್ಲಿ ಸಸಿಗೆ ಮಾಡುವ ಕೆಲಸವೇನೂ ಇಲ್ಲವೆಂಬುದನ್ನು ಗಮನಿಸಬೇಕು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಪೇರ್ ಹೆನ್ರಿಕ್ ಲಿಂಗ್ ವ್ಯಾಯಾಮವಿದ್ಯೆಯ ಶಾಲೆಯೊಂದನ್ನು ಸ್ಥಾಪಿಸಿದ ಮೇಲೆ ರೋಗಿಯ ಸ್ವಂತ ಸ್ನಾಯುಗಳನ್ನು ಚಿಕಿತ್ಸೆಗೆ ಬಳಸುವ ವಿಚಾರ ಯೂರೋಪಿನಲ್ಲಿ ಹಬ್ಬಿತು.

ಡೊಂಕಿನೊಳಗೆ ತಿರುಚು ಇದೆಯೆಂಬ ಸಂಗತಿ ವೈದ್ಯರಿಗೆ ಮನದಟ್ಟಾದದ್ದು ಒಂದು ಸಾವಿನಿಂದ. ಇಗ್ವಾನೊಡಾನ್ ಎಂಬ ಪ್ರಾಚೀನ ದೈತ್ಯಸರೀಸೃಪವನ್ನು ಲೋಕಕ್ಕೆ ಪರಿಚಯಿಸಿದ ಇಂಗ್ಲೆಂಡಿನ ಗಿಡಿಯನ್ ಮ್ಯಾಂಟೆಲ್, 1841ರಲ್ಲಿ ಗಾಡಿಯ ಅಪಘಾತಕ್ಕೆ ಸಿಕ್ಕಿದಂದಿನಿಂದ ಬೆನ್ನುನೋವಿನಲ್ಲಿ ನರಳಿ 1852ರಲ್ಲಿ ತೀರಿಕೊಂಡನು. ಅವನ ಸೊಂಟದ ಬಳಿಯ ಉಬ್ಬನ್ನು ಗಡ್ಡೆಯೆಂದು ಬದುಕಿದ್ದಾಗ ವೈದ್ಯರು ಭಾವಿಸಿದ್ದರು. ಸತ್ತಮೇಲೆ ದೇಹವನ್ನು ಪರೀಕ್ಷಿಸಿದಾಗ ಅದು ಗಡ್ಡೆಯಲ್ಲ, ತಿರುಚಿ ಹೊರಚಾಚಿದ ಬೆನ್ನೆಲುಬೇ ಎಂದು ಕಂಡುಬಂತು. ಈ ಪ್ರಕರಣವನ್ನು ಅಭ್ಯಾಸ ಮಾಡಿದ ವಿಲಿಯಂ ಆಡಮ್ಸ್ ಎಂಬ ವೈದ್ಯನು, ರೋಗಿಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿನ ಎರಡು ಪಕ್ಕಗಳ ಎತ್ತರವನ್ನು ಹೋಲಿಸಿ ನೋಡುವ ಪರೀಕ್ಷೆಯನ್ನು ಬಳಕೆಗೆ ತಂದನು. ಇಂದಿಗೂ ಶಾಲಾಮಕ್ಕಳನ್ನು ಪರೀಕ್ಷಿಸುವ ಕ್ರಮ ಅದೇ.

ಇಷ್ಟು ಹಿನ್ನೆಲೆಯಲ್ಲಿ ಕಾಥರೀನಾಳ ಬಾಳನ್ನು ನೋಡಬೇಕು. ಆಕೆ ಹುಟ್ಟಿದ್ದು 1894ರಲ್ಲಿ, ಡ್ರೆಸ್ಡೆನ್ ನಗರದಲ್ಲಿ. ಆಕೆಯ ಬೆನ್ನೂ ಬಾಗಿತ್ತು. ಹದಿನಾರರ ವಯಸ್ಸಿನಲ್ಲಿ ಆಕೆ ಉಕ್ಕಿನ ಕವಚದೊಳಗಿದ್ದಳು. ಮಗ್ಗುಲುಗಳನ್ನು ಬಿಗಿಹಿಡಿಯುವ ಅಂಥ ಕವಚದೊಳಗೆ ಎದೆತುಂಬ ಉಸಿರೆಳೆದುಕೊಳ್ಳುವುದು ಹೇಗೆ? ಸೊಟ್ಟಗಾಗಿರುವ ಗೂಡನ್ನು ಹೊರಗಿನಿಂದ ಅದುಮಿದರೆ ಉಬ್ಬು ತಗ್ಗೀತು. ತಗ್ಗಾದ ಕಡೆ ಎತ್ತರವಾಗುವುದಿಲ್ಲ. ಆಕೆಗೆ ದಾರಿ ತೋರಿಸಿದ್ದು ಮಕ್ಕಳು ಊದುವ ಬಲೂನು ಎಂದು ಹೇಳುತ್ತಾರೆ. ಗಾಳಿ ತುಂಬಿದಂತೆ ಬಲೂನಿನ ಕುಗ್ಗಿದ ಭಾಗ ಒಳಗಿನಿಂದ ಮೇಲೇಳುವುದಾದರೆ, ಎದೆಯ ತಗ್ಗೂ ಹಾಗೆಯೇ ಏಳಬಾರದೇಕೆ? ಆಕೆ ಕನ್ನಡಿಯ ಮುಂದೆ ನಿಂತು, ಕುಗ್ಗಿದ ಪಕ್ಕಕ್ಕೆ ಮಾತ್ರ ಉಸಿರನ್ನು ಕಳುಹಿಸುವುದನ್ನು ತನ್ನ ಮೈಗೆ ತಾನೇ ಕಲಿಸಿದಳು. ಆಕೆ ವೈದ್ಯಳಲ್ಲ, ವೃತ್ತಿಯಿಂದ ಉಪಾಧ್ಯಾಯಿನಿ. ತನ್ನ ದೇಹವನ್ನೇ ಪಾಠವನ್ನಾಗಿಯೂ ಪ್ರಯೋಗಶಾಲೆಯನ್ನಾಗಿಯೂ ಮಾಡಿಕೊಂಡಳು.

ಆ ಕ್ರಮದ ಸ್ವರೂಪವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಮುಂಡವನ್ನು ಒಂದರ ಮೇಲೊಂದಿಟ್ಟ ಮೂರು ದಿಮ್ಮಿಗಳೆಂದು ಭಾವಿಸಬೇಕು: ಸೊಂಟ, ಎದೆಗೂಡು, ಹೆಗಲು. ಸ್ಕೋಲಿಯೋಸಿಸ್ ಆದವರಲ್ಲಿ ಇವು ಒಂದೊಂದು ಒಂದೊಂದು ಕಡೆಗೆ ಸರಿದು ತಿರುಗಿರುತ್ತವೆ. ರೋಗಿ ಮೊದಲು ನೆತ್ತಿಯನ್ನು ಮೇಲಕ್ಕೆ ಒಯ್ಯುತ್ತ ಬೆನ್ನನ್ನು ಆದಷ್ಟು ನೀಳವಾಗಿಸಬೇಕು. ಬಳಿಕ ಸರಿದ ದಿಮ್ಮಿಗಳನ್ನು ನಡುವಿನ ರೇಖೆಗೆ ತರಬೇಕು. ಮಲಗಿ ಮಾಡುವ ಅಭ್ಯಾಸಗಳಲ್ಲಿ, ತಿರುಗಿದ ಭಾಗಗಳ ಅಡಿಗೆ ಅಕ್ಕಿ ತುಂಬಿದ ಸಣ್ಣ ಚೀಲಗಳನ್ನು ಒತ್ತುಕೊಡುವುದುಂಟು. ಆಮೇಲೆ ಉಸಿರಿನ ಸರದಿ. ಒಳಗೆಳೆಯುವ ಉಸಿರನ್ನು ಕುಗ್ಗಿದ ಪಕ್ಕದ ಪಕ್ಕೆಲುಬುಗಳ ಕಡೆಗೆ, ಅಂದರೆ ಹೊರಕ್ಕೆ, ಹಿಂದಕ್ಕೆ, ಮೇಲಕ್ಕೆ ನಡೆಸಬೇಕು. ಪಕ್ಕೆಲುಬುಗಳನ್ನೇ ಸನ್ನೆಗೋಲುಗಳಂತೆ ಬಳಸಿ ತಿರುಚನ್ನು ಬಿಚ್ಚುವುದು ಇದರ ಉದ್ದೇಶ. ಉಸಿರು ಬಿಡುವಾಗ ಮುಂಡದ ಸ್ನಾಯುಗಳನ್ನೆಲ್ಲ ಬಿಗಿಹಿಡಿದು, ಗಳಿಸಿದ ಆಕಾರವನ್ನು ಕಾಪಾಡಿಕೊಳ್ಳಬೇಕು. ಕನ್ನಡಿ ಈ ಸಾಧನೆಯ ಮುಖ್ಯ ಉಪಕರಣ. ಬಹುಕಾಲದ ಡೊಂಕು ಒಳಗಿನ ಅರಿವಿಗೆ ನೇರವೆಂದೇ ತೋರುವುದರಿಂದ, ಕಣ್ಣಿನ ಸಾಕ್ಷ್ಯವಿಲ್ಲದೆ ಮೈಯನ್ನು ತಿದ್ದಲಾಗದು.

ಪ್ರಾಣಾಯಾಮದ ನೆನಪು ನಮ್ಮವರಿಗೆ ಇಲ್ಲಿ ಬರುವುದು ಸಹಜ. ಆದರೆ ಎರಡರ ಗುರಿ ಬೇರೆ. ಪ್ರಾಣಾಯಾಮದ ಸಾಧಕ ನೆಟ್ಟಗಿನ ಬೆನ್ನಿನಲ್ಲಿ ಕುಳಿತು ಉಸಿರಿನ ಗತಿಯನ್ನು ನಿಯಮಿಸಿ ಮನಸ್ಸನ್ನು ನಿಲ್ಲಿಸಲು ಯತ್ನಿಸುತ್ತಾನೆ. ನೆಟ್ಟಗಿನ ಬೆನ್ನು ಅಲ್ಲಿ ಆರಂಭ. ಶ್ರೋಟ್ ಕ್ರಮದಲ್ಲಿ ಅದೇ ಗುರಿ. ಅಲ್ಲಿ ಉಸಿರು ಎರಡು ಪಕ್ಕಕ್ಕೂ ಸಮವಾಗಿ ಹರಿಯಬಾರದು. ಉಬ್ಬಿದ ಕಡೆಗೆ ತಡೆದು, ಬತ್ತಿದ ಕಡೆಗೆ ಹರಿಸಬೇಕು. ಗದ್ದೆಗೆ ನೀರು ಕಟ್ಟುವ ರೈತ ಮಡೆಯನ್ನು ತಿರುಗಿಸುವಂಥ ಕೆಲಸ ಅದು. ಎಲ್ಲರಿಗೂ ಒಂದೇ ಪಾಠ ಸಲ್ಲದು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರ ಬಾಗನ್ನು ಹೆಚ್ಚಿಸಬಹುದು.

1921ರಲ್ಲಿ, ಪಿಂಗಾಣಿಗೆ ಪ್ರಸಿದ್ಧವಾದ ಮೈಸೆನ್ ಎಂಬ ಊರಿನಲ್ಲಿ ಆಕೆ ಪುಟ್ಟ ಚಿಕಿತ್ಸಾಲಯವೊಂದನ್ನು ತೆರೆದಳು. ರೋಗಿಗಳು ಅಲ್ಲಿ ಸುಮಾರು ಮೂರು ತಿಂಗಳು ಇದ್ದು, ತೋಟದ ಬಯಲಿನಲ್ಲಿ ಗುಂಪಾಗಿ ಅಭ್ಯಾಸ ಮಾಡುತ್ತಿದ್ದರು. ಬಟ್ಟೆಯಲ್ಲಿ ಗೂನನ್ನು ಮರೆಸಿಕೊಂಡು ಬದುಕಿದ್ದವರು ಅಲ್ಲಿ ತಮ್ಮಂಥವರ ನಡುವೆ ಬೆನ್ನನ್ನು ಬೆಳಕಿಗೆ ತೆರೆದು ನಿಲ್ಲುತ್ತಿದ್ದರು. ಇದನ್ನು ಚಿಕಿತ್ಸೆಯ ಅರ್ಧವೆಂದರೂ ತಪ್ಪಾಗಲಾರದು. ಕಾಲವಂತೂ ಒಳ್ಳೆಯದಾಗಿರಲಿಲ್ಲ. 1933ರ ಜುಲೈ ತಿಂಗಳಲ್ಲಿ ಹಿಟ್ಲರನ ಸರ್ಕಾರ ಮಾಡಿದ ಸಂತಾನಹರಣದ ಶಾಸನದಲ್ಲಿ, ತೀವ್ರವಾದ ಆನುವಂಶಿಕ ಅಂಗವಿಕಾರವನ್ನೂ ಸಂತಾನಶಕ್ತಿಯನ್ನು ಕಳೆಯುವುದಕ್ಕೆ ಸಾಕಾದ ಕಾರಣವೆಂದು ಹೆಸರಿಸಿದ್ದಿತು. ಬಾಗಿದ ದೇಹವನ್ನು ರಾಷ್ಟ್ರಕ್ಕೆ ಹೊರೆಯೆಂದು ಎಣಿಸಿದ ಆ ರಾಜ್ಯದಲ್ಲಿ, ಬಾಗಿದವರಿಗೆ ಅವರ ಮೈಯನ್ನು ಅವರ ಕೈಗೇ ಒಪ್ಪಿಸುವ ಕೆಲಸಕ್ಕೆ ಎಷ್ಟು ಬೆಲೆಯೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಎರಡಾಯಿತು. ಮೈಸೆನ್ ಪೂರ್ವದ ಪಾಲಿಗೆ ಹೋಯಿತು. ತಾಯಿಯೂ ಮಗಳು ಕ್ರಿಸ್ಟಾಳೂ ಮುಂದೆ ಪಶ್ಚಿಮಕ್ಕೆ ಬಂದು, ನಾಹೆ ನದಿಯ ಕಣಿವೆಯ ಸೋಬರ್ನ್‌ಹೈಮ್ ಎಂಬ ಊರಿನಲ್ಲಿ ಮತ್ತೆ ಸಣ್ಣದಾಗಿ ಆರಂಭಿಸಿದರು. ಅದು ಬೆಳೆದು, ನೂರೈವತ್ತಕ್ಕೂ ಹೆಚ್ಚು ರೋಗಿಗಳು ಏಕಕಾಲಕ್ಕೆ ತಂಗಿ, ಸಾಮಾನ್ಯವಾಗಿ ಆರು ವಾರ ಅಭ್ಯಾಸ ಮಾಡುವ ಆಸ್ಪತ್ರೆಯಾಯಿತು. ತಾಯಿ ಅನುಭವದಿಂದ ಕಂಡದ್ದನ್ನು ಮಗಳು ಕ್ರಿಸ್ಟಾ ಲೇನರ್ಟ್ ಶ್ರೋಟ್ ಶಾಸ್ತ್ರಕ್ರಮಕ್ಕೆ ತಂದು 1973ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಳು. ಮೊಮ್ಮಗ ಮೂಳೆವೈದ್ಯನಾದನು. ಕಾಥರೀನಾ 1985ರಲ್ಲಿ ತನ್ನ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡಳು.

ಆದರೆ ಭಕ್ತಿಯಿಂದ ಚರಿತ್ರೆ ಪೂರ್ತಿಯಾಗದು. ವೈದ್ಯಲೋಕ ವ್ಯಾಯಾಮವನ್ನು ಸಂಶಯದಿಂದ ನೋಡಿದ್ದಕ್ಕೆ ಕಾರಣವಿತ್ತು. 1941ರಲ್ಲಿ ಅಮೆರಿಕದ ಮೂಳೆವೈದ್ಯರ ಸಂಘ 425 ರೋಗಿಗಳನ್ನು ಕುರಿತು ವರದಿಯೊಂದನ್ನು ಹೊರತಂದಿತು. ವ್ಯಾಯಾಮವೊಂದನ್ನೇ ನೆಚ್ಚಿಕೊಂಡವರಲ್ಲಿ ಸುಮಾರು 60 ಮಂದಿಗೆ, ನೂರಕ್ಕೆ ಇಷ್ಟರಂತೆ, ಬಾಗು ಹೆಚ್ಚಿತ್ತು. ಉಳಿದವರಲ್ಲಿ ಇದ್ದಂತೆಯೇ ಇತ್ತು. ಅಲ್ಲಿಯ ವ್ಯಾಯಾಮ ಶ್ರೋಟ್ ಕ್ರಮದ್ದಲ್ಲ, ಸಾಧಾರಣವಾದದ್ದು. ಆದರೂ ಆ ಅಂಕಿಗಳ ನೆರಳು ಎಲ್ಲ ವ್ಯಾಯಾಮದ ಮೇಲೂ ಬಿದ್ದಿತು. ಬಳಿಕ ಹೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್, ಪೋಲಿಯೋದಿಂದ ಬೆನ್ನು ಬಾಗಿದ ಮಕ್ಕಳಿಗಾಗಿ ರೂಪಿಸಿದ ಉಕ್ಕಿನ ಸರಳನ್ನು ಬೆನ್ನೆಲುಬಿಗೇ ಜೋಡಿಸುವ ಶಸ್ತ್ರಕ್ರಿಯೆಯನ್ನು 1962ರಲ್ಲಿ ಪ್ರಕಟಪಡಿಸಿದನು. ತೀವ್ರವಾದ ಬಾಗಿಗೆ ಅದು ನಿಜವಾದ ಉಪಕಾರ. ಸರಳಿನ ಮುಂದೆ ಉಸಿರಿನ ಮಾತು ಯಾರ ಕಿವಿಗೆ ಬಿದ್ದೀತು?

ಕಾಲಕ್ರಮದಲ್ಲಿ ಎರಡು ಪಕ್ಷಗಳೂ ಅಳತೆಗೆ ಬಂದವು. 1991ರಲ್ಲಿ ಆಸ್ಪತ್ರೆಯ 813 ರೋಗಿಗಳನ್ನು ಕುರಿತು ಮೊಮ್ಮಗನೇ ಬರೆದ ಲೇಖನದಲ್ಲಿ, ಅಭ್ಯಾಸದ ಬಳಿಕ ಅವರ ಶ್ವಾಸಸಾಮರ್ಥ್ಯವೂ ಪಕ್ಕೆಲುಬುಗಳ ಚಲನೆಯೂ ಹೆಚ್ಚಿತೆಂದು ತೋರಿಸಿತು. ಮನೆಯವರ ಸಾಕ್ಷ್ಯ ಸಾಲದೆನ್ನುವವರಿಗೆ ಬೇರೆ ದೇಶಗಳ ಪರೀಕ್ಷೆಗಳು ಬಂದವು. 2016ರಲ್ಲಿ ಕೆನಡಾದಿಂದ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 50 ಮಂದಿ ಎಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಶ್ರೋಟ್ ಅಭ್ಯಾಸವನ್ನೂ ಮಾಡಿಸಿದರು. ಆರು ತಿಂಗಳ ಮೇಲೆ ಅಭ್ಯಾಸ ಮಾಡಿದವರ ಸ್ಥಿತಿ ಉತ್ತಮವಾಗಿತ್ತು. ವ್ಯತ್ಯಾಸ ಮಾತ್ರ ಕೆಲವೇ ಡಿಗ್ರಿ. ಕವಚದ ಪರವಾದ ಸಾಕ್ಷ್ಯ ಇನ್ನೂ ಬಲವಾದದ್ದು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಕವಚ ತೊಟ್ಟವರಲ್ಲಿ ನೂರಕ್ಕೆ 72 ಮಂದಿ ಶಸ್ತ್ರಕ್ರಿಯೆಯ ಮಟ್ಟವನ್ನು ಮುಟ್ಟದೆ ಬೆಳವಣಿಗೆಯನ್ನು ಮುಗಿಸಿದರು. ತೊಡದವರಲ್ಲಿ 48 ಮಂದಿ. ಕಾಥರೀನಾ ಯಾವುದರಿಂದ ಬಿಡುಗಡೆ ಬಯಸಿದಳೋ ಆ ಕವಚವೇ, ಉಕ್ಕನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದು, ಆಕೆಯ ಅಭ್ಯಾಸದ ಪಕ್ಕದಲ್ಲಿ ನಿಂತಿದೆ. ಅಷ್ಟೇ ಅಲ್ಲ, ಉಬ್ಬನ್ನು ಒತ್ತುವುದರ ಜೊತೆಗೆ ತಗ್ಗಿನ ಕಡೆ ಉಸಿರು ತುಂಬಲು ತೆರಪು ಬಿಟ್ಟು ರಚಿಸಿದ ಕವಚಗಳೂ ಬಂದಿವೆ.

ಇದರಿಂದ ನಾವು ತಿಳಿಯಬೇಕಾದದ್ದೇನು? ಉಸಿರು ಮೂಳೆಯನ್ನು ತ್ರಿವಕ್ರೆಯ ಕಥೆಯಂತೆ ನೆಟ್ಟಗಾಗಿಸದು. ಹಾಗೆಂದು ಯಾರಾದರೂ ಭರವಸೆ ಕೊಟ್ಟರೆ ಆ ಮಾತಿಗೆ ಮರುಳಾಗಬಾರದು. ಬೆಳೆಯುವ ಮಗಳ ಹೆಗಲು ಏರುಪೇರಾಗಿ ಕಂಡಾಗ, ಊರಿಗೆ ತಿಳಿದರೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ತಂದೆತಾಯಿಯರು ಕಳೆದುಕೊಳ್ಳುವುದು ಚಿಕಿತ್ಸೆಗೆ ಒದಗುವ ಒಂದೆರಡು ಅಮೂಲ್ಯ ವರ್ಷಗಳನ್ನು. ಮೂಳೆ ಬಲಿತಮೇಲೆ ಅವು ಮರಳಿ ಬಾರವು. ಮೊದಲು ವೈದ್ಯನ ಅಳತೆ, ಬೇಕಾದರೆ ಕವಚ, ತೀರ ಅಗತ್ಯವಾದರೆ ಶಸ್ತ್ರಕ್ರಿಯೆ. ಇವುಗಳ ಜೊತೆಗೆ, ಬಲ್ಲವರ ಕಣ್ಣೆದುರಿನಲ್ಲಿ ಕಲಿತ ಉಸಿರಿನ ಅಭ್ಯಾಸ.

ಆದರೂ ಆ ಉಪಾಧ್ಯಾಯಿನಿಯ ಕೊಡುಗೆ ಡಿಗ್ರಿಗಳ ಲೆಕ್ಕದಲ್ಲಿ ಮುಗಿಯುವಂಥದಲ್ಲ. ಆಂದ್ರಿಯ ಚಿತ್ರದ ಸಸಿ ಗೂಟಕ್ಕೆ ಕಟ್ಟಿಸಿಕೊಂಡು ಸುಮ್ಮನೆ ನಿಂತಿತ್ತು. ಶ್ರೋಟ್ ತೋರಿಸಿದ ದಾರಿಯಲ್ಲಿ ಕಟ್ಟುವವನ ಕೆಲಸದೊಡನೆ ಕಟ್ಟಿಸಿಕೊಳ್ಳುವವರ ಕೆಲಸವೂ ಸೇರಿತು. ತನ್ನ ಬೆನ್ನನ್ನು ತಾನೇ ನೋಡಲು ಅಂಜುತ್ತಿದ್ದ ಹುಡುಗಿ, ಕನ್ನಡಿಯ ಮುಂದೆ ನಿಂತು, ತನ್ನ ಡೊಂಕಿನ ರೀತಿಯನ್ನು ಬಲ್ಲವಳಾಗಿ, ದಿನಕ್ಕಿಷ್ಟು ಹೊತ್ತು ಅದರೊಡನೆ ಕೆಲಸ ಮಾಡುವುದನ್ನು ಕಲಿಯುತ್ತಾಳೆ. ಬಾಗು ಪೂರ್ತಿ ಹೋಗದೆ ಉಳಿದರೂ ಈ ಕಲಿಕೆ ಅವಳ ಬಳಿಯೇ ಉಳಿಯುತ್ತದೆ.